ಕಾಯಕದ ಮಿತಿ: ಆರ್ಥಿಕ ಓದುಗಳನ್ನು ಕುರಿತು ಒಂದು ಟಿಪ್ಪಣಿ

ಅಧ್ಯಾತ್ಮವು ಸಂಸ್ಥೆಗಳ ಆಡಳಿತಕ್ಕೂ ನಾಡಿನ ಆರ್ಥಿಕ ಬೆಳವಣಿಗೆಗೂ ಒದಗಿಬರುವ ಶಕ್ತಿಯೆಂಬ ವಿಚಾರ ಕಳೆದ ಕೆಲವು ದಶಕಗಳಲ್ಲಿ ನಿರ್ವಹಣಾಶಾಸ್ತ್ರದೊಳಗೆ ಬೇರೂರಿದೆ. ಭಾರತದಲ್ಲಿ ಎಸ್. ಕೆ. ಚಕ್ರವರ್ತಿಯವರ ‘ಮ್ಯಾನೇಜ್‌ಮೆಂಟ್ ಬೈ ವ್ಯಾಲ್ಯೂಸ್’ (1991) ಈ ಚರ್ಚೆಗೆ ಒಂದು ನೆಲೆಯನ್ನು ಒದಗಿಸಿತು. ಕನ್ನಡದ ಮಟ್ಟಿಗೆ ಈ ಮಾತು ಬಂದಾಗಲೆಲ್ಲ ಮುಂದೊಡ್ಡಲಾಗುವುದು ಶರಣರ ಕಾಯಕತತ್ತ್ವವನ್ನು. ದುಡಿಮೆಗೆ ಧರ್ಮದ ಘನತೆಯಿತ್ತ ತತ್ತ್ವ ಉತ್ಪಾದನೆಯನ್ನು ಹೆಚ್ಚಿಸಬಲ್ಲುದೆಂಬುದು ವಾದದ ತಿರುಳು. ಈ ವಾದ ವಚನಗಳ ಅರ್ಧವನ್ನಷ್ಟೇ ಓದಿದೆಯೆಂಬುದು ನಮ್ಮ ಆಕ್ಷೇಪ.

ತೊಡಕು ಅನುವಾದದಿಂದಲೇ ತೊಡಗುತ್ತದೆ. ಹೊರನಾಡಿನಲ್ಲಿ ಇಂಗ್ಲಿಷಿನ ಮೂಲಕ ವಚನಗಳನ್ನು ಪರಿಚಯಿಸಿಕೊಂಡವರಿಗೆ ಕಾಯಕವೆಂದರೆ ‘ವರ್ಕ್ ಈಸ್ ವರ್ಷಿಪ್’. ಕಾಯಕವನ್ನು ಕೈಲಾಸಕ್ಕೆ ಸಮೀಕರಿಸುವ ಪ್ರಸಿದ್ಧ ಮಾತನ್ನು ಬಸವಣ್ಣನವರ ಹೆಸರಿಗೆ ಹಚ್ಚುವುದು ರೂಢಿ. ಅದು ದೊರೆಯುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಆ ವಚನ ದುಡಿಮೆಯನ್ನು ಪೂಜೆಗೆ ಸಮನೆನ್ನುವುದಿಲ್ಲ. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂಬುದು ಅದರ ನಿಲುವು. ಪೂಜೆಯನ್ನು ಹಿಂದಕ್ಕೆ ಸರಿಸಿದ ಮಾತು ಅನುವಾದದಲ್ಲಿ ಪೂಜೆಯ ಆಸರೆಗೇ ಮರಳಿತು! ಕಚೇರಿಗಳ ಗೋಡೆಗೆ ಅದು ಒಪ್ಪಿದ್ದು ಪ್ರಾಯಶಃ ಹೀಗಾಗಿಯೇ.

ಎರಡನೆಯ ತೊಡಕು ಮ್ಯಾಕ್ಸ್ ವೇಬರನ ಚೌಕಟ್ಟನ್ನು ನೇರವಾಗಿ ತಂದು ಕೂರಿಸುವುದು. 1904-05ರಲ್ಲಿ ಪ್ರಕಟವಾದ ಪ್ರಾಟೆಸ್ಟೆಂಟ್ ನೀತಿಯನ್ನು ಕುರಿತ ಪ್ರಬಂಧದಲ್ಲಿ ಆತ ಕಾಣಿಸಿದ ಕಾರ್ಯಕಾರಣ ಸರಳವಲ್ಲ. ದುಡಿಮೆ ದೈವದ ಕರೆ. ಗಳಿಕೆಗೆ ತಡೆಯಿಲ್ಲ, ಭೋಗಕ್ಕೆ ಮಾತ್ರ ತಡೆ. ಖರ್ಚಾಗದ ಗಳಿಕೆ ಉಳಿದು ಬಂಡವಾಳವಾಗುತ್ತದೆ. ಇಲ್ಲಿ ನಿರ್ಣಾಯಕವಾದುದು ಶ್ರಮವೊಂದೇ ಅಲ್ಲ, ಉಳಿಕೆ. ಶರಣರ ಕಥನಗಳು ಪ್ರಹಾರ ಮಾಡುವುದು ಈ ಉಳಿಕೆಯ ಮೇಲೆಯೇ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಹಿಗ್ಗುವುದಿಲ್ಲ. ಈ ಆಸೆ ಭಕ್ತನಿಗೇಕೆಂದು ಕೇಳಿ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳುಹಿಸುತ್ತಾಳೆ. ನುಲಿಯ ಚಂದಯ್ಯನ ಕಥೆಯಲ್ಲಿ ಲಿಂಗವೇ ಹಗ್ಗ ಮಾರಲು ಹೋಗಬೇಕಾಗುತ್ತದೆ. ಬೆಲೆಗಿಂತ ಮಿಗಿಲಾದ ಹಣ ಬಂದರೆ ಚಂದಯ್ಯನಿಗೆ ಅದು ಸಲ್ಲದು. ವೇಬರನ ವಣಿಕ ಈ ಮನೆಗಳಲ್ಲಿ ಒಂದು ದಿನವೂ ಬಾಳಲಾರ. ಈ ಕಥೆಗಳು 15-16ನೆಯ ಶತಮಾನಗಳ ಶೂನ್ಯಸಂಪಾದನಾ ಪರಂಪರೆಯಲ್ಲಿ ರೂಪ ತಳೆದವು; 12ನೆಯ ಶತಮಾನದ ಕಲ್ಯಾಣದ ಲೆಕ್ಕಪತ್ರವೆಂದು ಅವನ್ನು ಬಳಸಲಾಗದು. ಆದರೆ ಪರಂಪರೆ ತನ್ನ ಆದರ್ಶವನ್ನು ಎಲ್ಲಿ ನೆಟ್ಟಿತೆಂಬುದಕ್ಕೆ ಅವು ಸಾಕ್ಷಿ.

ಹಾಗಾದರೆ ಈ ಅಧ್ಯಾತ್ಮಕ್ಕೆ ಆರ್ಥಿಕ ಪರಿಣಾಮವೇ ಇಲ್ಲವೆ? ಇದೆ. ಅದನ್ನು ಕಾಯಕದಲ್ಲಿ ಮಾತ್ರ ಹುಡುಕದೆ ದಾಸೋಹದಲ್ಲಿಯೂ ಹುಡುಕಬೇಕು. ಫ. ಗು. ಹಳಕಟ್ಟಿಯವರ (1880-1964) ಬಾಳು ಇಲ್ಲಿ ಮಹತ್ತ್ವದ ಸಾಮಗ್ರಿ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಇವರೇ ಅದಕ್ಕೂ ಮುನ್ನ, 1912ರಲ್ಲಿ, ವಿಜಾಪುರದ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ದುಡಿದವರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನು ಮಾರಿದವರೆಂಬುದು ಸಾಹಿತ್ಯಾಭ್ಯಾಸಿಗಳಿಗೆಲ್ಲ ಗೊತ್ತು. ಬ್ಯಾಂಕಿನ ಸಂಗತಿಯನ್ನು ಮಾತ್ರ ಜೀವನಚರಿತ್ರೆಯ ಒಂದು ಸಾಲಾಗಿ ಬಿಟ್ಟು ಮುಂದೆ ಸಾಗುತ್ತೇವೆ. ಒಬ್ಬರ ಕೈಯಲ್ಲಿ ನಿಲ್ಲಬಾರದ ಉಳಿಕೆ ಹಲವರ ನಡುವೆ ನಿಲ್ಲಬಹುದೆಂಬ ಸಾಧ್ಯತೆ ಸಹಕಾರಿ ಸಂಸ್ಥೆಯಲ್ಲಿದೆ. ಸಿದ್ಧಗಂಗೆಯಂತಹ ಮಠಗಳ ಉಚಿತ ಪ್ರಸಾದನಿಲಯಗಳು ಹಳ್ಳಿಯ ಮಕ್ಕಳನ್ನು ಶಿಕ್ಷಣಕ್ಕೆ, ಅಲ್ಲಿಂದ ಉದ್ಯೋಗಕ್ಕೆ ದಾಟಿಸಿದುದೂ ಇದೇ ದಾರಿಯಲ್ಲಿ.

ಆದರೂ ಬ್ಯಾಂಕನ್ನು ದಾಸೋಹವೆಂದು ಕರೆದುಬಿಡುವುದು ಮತ್ತೊಂದು ಅವಸರವಾದೀತು. ಬ್ಯಾಂಕು ಬಡ್ಡಿ ಪಡೆಯುತ್ತದೆ. ಮೀಸಲು ನಿಧಿಯಿಲ್ಲದೆ ಅದು ನಿಲ್ಲಲಾರದು. ದಾಸೋಹಕ್ಕೆ ಅಂಥ ನಿಧಿಯ ಕಲ್ಪನೆಯೇ ಇಲ್ಲ. ಹಳಕಟ್ಟಿಯವರು 1926ರಲ್ಲಿ ಆರಂಭಿಸಿದ ‘ಶಿವಾನುಭವ’ದ ಸಂಪುಟಗಳನ್ನೂ ಅವರು ಕಟ್ಟಿದ ಸಂಸ್ಥೆಗಳ ಜಮಾಖರ್ಚಿನ ದಾಖಲೆಗಳನ್ನೂ ಎದುರುಬದುರಾಗಿಟ್ಟು ಓದಿದರೆ, ಲಕ್ಕಮ್ಮನ ಅಕ್ಕಿಗೂ ಮೀಸಲು ನಿಧಿಗೂ ನಡುವಿನ ಈ ಇಕ್ಕಟ್ಟನ್ನು ಅವರು ಹೇಗೆ ನಿಭಾಯಿಸಿದರೆಂದು ಕೇಳಬಹುದು. ಹಳೆಯ ಮುಂಬಯಿ ಪ್ರಾಂತದ ಸಹಕಾರ ಚಳವಳಿಯನ್ನು ಅಭ್ಯಸಿಸುತ್ತಿರುವ ಪುಣೆ, ಮುಂಬಯಿಗಳ ಸಂಶೋಧಕರಿಗೆ ಈ ಪ್ರಶ್ನೆ ದೂರದ್ದಲ್ಲ. 1912ರಲ್ಲಿ ವಿಜಾಪುರವೂ ಆ ಪ್ರಾಂತಕ್ಕೇ ಸೇರಿತ್ತು.