ಕುಂಭಕವೂ ಹೃದಯಶಕ್ತಿಯೂ

ಪ್ರಾಣಾಯಾಮವೊಂದರಿಂದಲೇ ತರುಣರ ಹೃದಯ, ಶ್ವಾಸಕೋಶಗಳ ಶಕ್ತಿ ವರ್ಧಿಸುವುದೆಂಬ ವಾದಕ್ಕೆ ಯೋಗಿಗಳ ಹೃದಯಸ್ತಂಭನದ ವೃತ್ತಾಂತವನ್ನು ಪ್ರಮಾಣವಾಗಿ ಹೇಳುವುದುಂಟು. 1935ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ವೈದ್ಯೆ ತೆರೆಸ್ ಬ್ರಾಸ್ ಅವರ ವಿದ್ಯುಲ್ಲೇಖಗಳು ಈ ವೃತ್ತಾಂತದ ಮುಖ್ಯ ಆಕರ. ಆಕರವು ಪ್ರಸಿದ್ಧವಾದ ಮಾತ್ರಕ್ಕೆ ಪ್ರಮಾಣವಾಗದೆಂಬುದು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ತಿಳಿದ ಸಂಗತಿಯೇ. ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ಯೋಗಿಗಳನ್ನು ಮರಳಿ ಪರೀಕ್ಷಿಸಿ 1961ರಲ್ಲಿ ಫಲವನ್ನು ಪ್ರಕಟಿಸಿದರು. ಉಸಿರನ್ನು ಬಿಗಿಹಿಡಿದು ಸ್ನಾಯುಗಳನ್ನು ಬಿಗಿದಾಗ ಎದೆಯೊಳಗಿನ ಒತ್ತಡ ಏರುತ್ತದೆ. ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ. ನಾಡಿ ಕೈಗೆ ಸಿಕ್ಕದು. ಹೃದಯವಾದರೋ ಮಿಡಿಯುತ್ತಲೇ ಇತ್ತು.

ಸ್ತಂಭನವು ನಿಜವೇ ಆಗಿದ್ದರೂ ವಾದ ನಿಲ್ಲುತ್ತಿರಲಿಲ್ಲ. ಕಠಿಣ ಶ್ರಮದಲ್ಲಿ ದೇಹವು ನಿಮಿಷವೊಂದಕ್ಕೆ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣವೇ ಈ ಶಕ್ತಿಯ ಅಳತೆ. ಆರೋಗ್ಯವಂತ ತರುಣನ ರಕ್ತವು ವಿಶ್ರಾಂತಿಯಲ್ಲಿಯೇ ಆಮ್ಲಜನಕದಿಂದ ಬಹುಮಟ್ಟಿಗೆ ತುಂಬಿರುತ್ತದೆ. ಆಳವಾದ ಉಸಿರು ಅದಕ್ಕೆ ಸೇರಿಸುವುದು ಅತ್ಯಲ್ಪ. ಮಿತಿಯಿರುವುದು ಹೆಚ್ಚಾಗಿ ಹೃದಯವು ರಕ್ತವನ್ನು ತಳ್ಳುವ ಸಾಮರ್ಥ್ಯದಲ್ಲಿ. ಅದನ್ನು ಬೆಳೆಸುವುದು ಓಟ, ಈಜುಗಳಂಥ ಶ್ರಮ. 1924ರಲ್ಲಿ ಲೋಣಾವಳದ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರೇ ಪ್ರಾಣಾಯಾಮದ ಬೆಲೆ ಹೆಚ್ಚು ಆಮ್ಲಜನಕವನ್ನು ಹೀರುವುದರಲ್ಲಿಲ್ಲವೆಂದು ಬರೆದಿದ್ದರು. ಯೋಗದ ಅಭಿಮಾನಿಗಳು ಅವರನ್ನು ಸ್ಮರಿಸುತ್ತಾರೆ, ಓದುವುದು ವಿರಳ.

ನಿಧಾನವಾದ ಉಸಿರಾಟವು ನಾಡಿಯನ್ನೂ ಮನಸ್ಸನ್ನೂ ಶಾಂತಗೊಳಿಸುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಹೆಸರಿನಲ್ಲಿ ಕಾಲೇಜುಗಳು ವಿದ್ಯಾರ್ಥಿಗಳ ಆಟದ ವೇಳೆಯನ್ನು ಕಿತ್ತುಕೊಳ್ಳುವುದಾದರೆ, ಅದಕ್ಕೆ ಈ ವೃತ್ತಾಂತದಲ್ಲಿ ಯಾವ ಆಧಾರವೂ ದೊರೆಯದು.