ಸಾಕ್ಷಿ ಹೇಳಲೆಂದೇ ಉಳಿಸಿಕೊಂಡ ಜನ

ಯೇಸು ಯೆಹೂದಿ, ಅವನ ತಾಯಿ, ಹನ್ನೆರಡು ಮಂದಿ ಶಿಷ್ಯರು, ಅಪೊಸ್ತಲ ಪೌಲ ಎಲ್ಲರೂ ಯೆಹೂದಿಗಳೇ. ಎರಡನೆಯ ಶತಮಾನದ ಮಾರ್ಸಿಯನ್ ಯೆಹೂದಿ ಗ್ರಂಥಗಳನ್ನೇ ಕೈಬಿಡಬೇಕೆಂದು ಹೊರಟಾಗ ರೋಮಿನ ಕ್ರೈಸ್ತರು ಒಪ್ಪದೆ ಅವನನ್ನೇ ಹೊರಹಾಕಿದರು. ಗ್ರಂಥ ಉಳಿಯಿತು. ಆ ಗ್ರಂಥದ ಜನ ಮಾತ್ರ ಯೇಸುವನ್ನು ಮೆಸ್ಸೀಯನೆಂದು ಒಪ್ಪದೆ, ಅದೇ ಗ್ರಂಥವನ್ನು ಬೇರೆ ರೀತಿಯಲ್ಲಿ ಓದುತ್ತ ಬಾಳಿದರು. ಅವರ ಇರವನ್ನು ಹೇಗೆ ಅರ್ಥೈಸುವುದೆಂಬ ತೊಡಕಿಗೆ ಕ್ರೈಸ್ತ ಚಿಂತನೆ ಕೊಟ್ಟುಕೊಂಡ ಉತ್ತರವೇ ಬದಲಿ ಸಿದ್ಧಾಂತ: ಇಸ್ರಾಯೇಲಿನ ಸ್ಥಾನ ಈಗ ಧರ್ಮಸಭೆಯದು.

ಪೌಲನಲ್ಲಿ ಈ ಸಿದ್ಧಾಂತ ಇಷ್ಟು ಸಲೀಸಾಗಿಲ್ಲ. ರೋಮಿನವರಿಗೆ ಬರೆದ ಪತ್ರದ 9ರಿಂದ 11ನೆಯ ಅಧ್ಯಾಯಗಳಲ್ಲಿ ಅವನು ಅನ್ಯಜನರನ್ನು ಆಲಿವ್ ಮರಕ್ಕೆ ಕಸಿಮಾಡಿದ ಕಾಡುಕೊಂಬೆ ಎಂದು ಕರೆದು, ಬೇರಿನ ಮುಂದೆ ಜಂಭ ಬೇಡವೆನ್ನುತ್ತಾನೆ. ಆದರೆ ಮುಂದಿನ ಪೀಳಿಗೆಗಳು ಈ ಎಚ್ಚರಿಕೆಯನ್ನು ಬದಿಗಿಟ್ಟವು. ನಿಜವಾದ ಇಸ್ರಾಯೇಲ್ ನಾವೇ ಎಂದು ಎರಡನೆಯ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್ ವಾದಿಸಿದ. ಸಾರ್ದಿಸಿನ ಬಿಷಪ್ ಮೆಲಿಟೋ ಯೆಹೂದಿಗಳ ಮೇಲೆ ದೇವಹತ್ಯೆಯ ಆರೋಪವನ್ನೇ ಹೊರಿಸಿದ. 386–87ರಲ್ಲಿ ಅಂತಿಯೋಕ್ಯದಲ್ಲಿ ಜಾನ್ ಕ್ರಿಸೋಸ್ತಮ್ ಮಾಡಿದ ಉಗ್ರ ಪ್ರವಚನಗಳ ಹಿನ್ನೆಲೆ ಗಮನಾರ್ಹ. ಅವನ ಸಭೆಯವರೇ ಯೆಹೂದಿಗಳ ಹಬ್ಬಕ್ಕೆ, ಉಪವಾಸಕ್ಕೆ, ಆಣೆಪ್ರಮಾಣಕ್ಕೆ ಸಿನಗಾಗಿಗೆ ಹೋಗುತ್ತಿದ್ದರು. ಜನಸಾಮಾನ್ಯರು ಬೆರೆತು ಬಾಳುತ್ತಿದ್ದಲ್ಲೇ ಬೋಧಕ ಗೋಡೆ ಎಬ್ಬಿಸಿದ. ಈ ದ್ವೇಷ ಹುಟ್ಟಿದ್ದು ದೂರದಿಂದಲ್ಲ, ಸಾಮೀಪ್ಯದ ಭಯದಿಂದ.

ಈ ಪರಂಪರೆಯ ಅತ್ಯಂತ ಚತುರ ವಾದ ಬಿಷಪ್ ಅಗಸ್ಟೀನನದು. ಯೆಹೂದಿಗಳನ್ನು ಕೊಲ್ಲಬಾರದು, ಅವರು ಚದುರಿದವರಾಗಿಯೇ ಬದುಕಬೇಕು ಎಂದನವನು. ಏಕೆ? ಕ್ರಿಸ್ತನ ಕುರಿತ ಪ್ರವಾದನೆಗಳನ್ನು ಕ್ರೈಸ್ತರೇ ಹೊಸೆದರೆಂದು ಯಾರಾದರೂ ಆಕ್ಷೇಪಿಸಿದರೆ, ಅವು ನಮ್ಮನ್ನು ಒಪ್ಪದವರ ಕೈಯಲ್ಲೂ ಇವೆಯೆಂದು ತೋರಿಸಬಹುದಲ್ಲ! ಈ ವಾದ ಜೀವಗಳನ್ನು ಉಳಿಸಿದ್ದೂ ಉಂಟು. 1146ರಲ್ಲಿ ರೈನ್ ತೀರದಲ್ಲಿ ಯೆಹೂದಿಗಳ ಕೊಲೆಗೆ ಕುಮ್ಮಕ್ಕು ಕೊಡುತ್ತಿದ್ದ ಸನ್ಯಾಸಿಯೊಬ್ಬನನ್ನು ಕ್ಲೇರ್ವೋದ ಮಠಾಧಿಪತಿ ಬರ್ನಾರ್ಡ್ ತಡೆದದ್ದು ಇದೇ ತರ್ಕದಿಂದ. ಆದರೆ ಅದು ಷರತ್ತಿನ ರಕ್ಷಣೆ. ಸಾಕ್ಷಿಯೆಂದು ಉಳಿಸಿಕೊಂಡವರು ತಲೆತಗ್ಗಿಸಿಯೇ ಇರಬೇಕಿತ್ತು. 1215ರ ಲ್ಯಾಟರನ್ ಮಹಾಸಭೆ ಅವರಿಗೆ ಬೇರೆ ಉಡುಗೆ ವಿಧಿಸಿತು. 1240ರ ದಶಕದ ಪ್ಯಾರಿಸ್ಸಿನಲ್ಲಿ, ಯೇಸುವಿನ ನಂತರದ ಶತಮಾನಗಳಲ್ಲಿ ಯೆಹೂದಿ ಪಂಡಿತರು ರೂಪಿಸಿದ ವ್ಯಾಖ್ಯಾನ ಗ್ರಂಥವಾದ ತಾಲ್ಮೂದನ್ನು ಗಾಡಿಗಟ್ಟಲೆ ತಂದು ಸುಟ್ಟರು. ಈ ಸುಡುವಿಕೆ ಸಿದ್ಧಾಂತದ ಗುಟ್ಟನ್ನು ಬಯಲು ಮಾಡುತ್ತದೆ: ಹಳೆಯ ಪ್ರವಾದನೆ ಹೊತ್ತ ಯೆಹೂದಿ ಬೇಕು, ಯೇಸುವಿನ ನಂತರವೂ ತನ್ನದೇ ಚಿಂತನೆ ಬೆಳೆಸಿಕೊಂಡ ಯೆಹೂದಿ ಬೇಡ.

ಧರ್ಮಸುಧಾರಕ ಲೂಥರ್‌ನಲ್ಲಿ, ಯೆಹೂದಿಗಳು ಕೊನೆಗೆ ಕ್ರಿಸ್ತನನ್ನು ಒಪ್ಪುವರೆಂಬ ನಿರೀಕ್ಷೆ ಮುರಿದುಬಿದ್ದದ್ದನ್ನು ಕಾಣುತ್ತೇವೆ. ಯೇಸು ಹುಟ್ಟಿನಿಂದ ಯೆಹೂದಿಯೆಂದು 1523ರಲ್ಲಿ ನೆನಪಿಸಿ ಸೌಜನ್ಯ ಬೋಧಿಸಿದವನು 1543ರಲ್ಲಿ ಸಿನಗಾಗುಗಳಿಗೆ ಬೆಂಕಿಯಿಡಿ ಎಂದು ಬರೆದ. ಸೌಜನ್ಯದ ಹಿಂದಿದ್ದದ್ದು ಮತಾಂತರದ ಆಸೆ. ಅದು ಫಲಿಸದಿದ್ದಾಗ ಸೌಜನ್ಯವೂ ಉಳಿಯಲಿಲ್ಲ.

ನಾಜಿಗಳು ನಡೆಸಿದ ಯೆಹೂದಿ ಹತ್ಯಾಕಾಂಡದಲ್ಲಿ ಹೆಂಡತಿ, ಮಗಳನ್ನು ಕಳೆದುಕೊಂಡ ಫ್ರೆಂಚ್ ಇತಿಹಾಸಕಾರ ಜೂಲ್ ಇಸಾಕ್, ಕ್ರೈಸ್ತ ಬೋಧನೆಯಲ್ಲಿ ಬೇರೂರಿದ್ದ ತಿರಸ್ಕಾರವನ್ನು ಎಳೆಎಳೆಯಾಗಿ ತೋರಿಸಿ 1960ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್ ಅವರನ್ನು ಕಂಡರು. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 2,221 ಮತಗಳಿಂದ, 88 ವಿರೋಧಗಳ ನಡುವೆ, 'ನೋಸ್ತ್ರಾ ಏತಾತೆ' ಘೋಷಣೆಯನ್ನು ಅಂಗೀಕರಿಸಿತು. ಯೇಸುವಿನ ಮರಣದ ಹೊಣೆ ಅಂದಿನ ಎಲ್ಲ ಯೆಹೂದಿಗಳದ್ದೂ ಅಲ್ಲ, ಇಂದಿನವರದ್ದೂ ಅಲ್ಲ ಎಂದು ಅದು ಹೇಳಿತು. ಇದು ಸಣ್ಣ ಮಾತಲ್ಲ. ಆದರೂ ಧರ್ಮಸಭೆಯೇ ದೇವರ ಹೊಸ ಜನವೆಂಬ ಹಳೆಯ ನಿಲುವು ಅದೇ ಘೋಷಣೆಯಲ್ಲಿ ಹಾಗೇ ಉಳಿಯಿತು. 2015ರ ವ್ಯಾಟಿಕನ್ ದಾಖಲೆ ಯೆಹೂದಿಗಳಿಗೆಂದೇ ಸಾಂಸ್ಥಿಕ ಮಿಷನ್ ನಡೆಸುವುದಿಲ್ಲ ಎಂದಿತು. ರಕ್ಷಣೆಗೆ ಎರಡು ದಾರಿಗಳಿಲ್ಲ ಎಂದೂ ಹೇಳಿ, ಕ್ರಿಸ್ತನನ್ನು ಒಪ್ಪದ ಯೆಹೂದಿಗಳೂ ರಕ್ಷಣೆಯಲ್ಲಿ ಪಾಲುಗೊಳ್ಳುವ ಬಗೆಯನ್ನು ದೇವರ ರಹಸ್ಯಕ್ಕೆ ಬಿಟ್ಟಿತು. ತರ್ಕಕ್ಕೆ ಇದು ಸೋಲು, ನಿಜ. ಆದರೆ ಎಲ್ಲವನ್ನೂ ಬಲ್ಲೆವೆಂಬ ಹಳೆಯ ಸಿದ್ಧಾಂತಕ್ಕಿಂತ ಈ ಸೋಲಿನಲ್ಲೇ ಹೆಚ್ಚು ಪ್ರಾಮಾಣಿಕತೆಯಿದೆ.

ಬದಲಿ ಸಿದ್ಧಾಂತವನ್ನು ತಿರುವಿಹಾಕಿದೆವೆನ್ನುವ ಇನ್ನೊಂದು ಪಂಥವೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ರೂಪಿಸಿ, 1909ರ ಸ್ಕೋಫೀಲ್ಡ್ ಬೈಬಲ್ ಅಮೆರಿಕದಲ್ಲಿ ಹಬ್ಬಿಸಿದ ಯುಗವಿಭಾಗ ವಾದದ ಪ್ರಕಾರ ಇಸ್ರಾಯೇಲಿಗೆ ಕೊಟ್ಟ ವಾಗ್ದಾನಗಳು ಇನ್ನೂ ಊರ್ಜಿತ. ಕೇಳಲು ಗೌರವದ ಮಾತು. ಆದರೆ ಅಂತ್ಯಕಾಲದ ಅದರ ಕಥೆಯಲ್ಲಿ ಯೆಹೂದಿಗಳು ನಾಡಿಗೆ ಮರಳಿ, ಘೋರ ಸಂಕಟ ಉಂಡು, ಉಳಿದವರು ಕ್ರಿಸ್ತನನ್ನು ಒಪ್ಪಬೇಕು. ಅಗಸ್ಟೀನನಿಗೆ ಅವರು ಗತಕಾಲದ ಸಾಕ್ಷಿಯಾದರೆ, ಈ ಪಂಥಕ್ಕೆ ಭವಿಷ್ಯದ ಗಡಿಯಾರ. ಈ ಓದಿನಲ್ಲಿ ಬೆತ್ಲೆಹೇಮಿನ ಪ್ಯಾಲೆಸ್ಟೀನಿ ಕ್ರೈಸ್ತರಿಗೂ ಜಾಗವಿಲ್ಲ. ಪ್ರವಾದನೆಯನ್ನು ಇಂದಿನ ಇಸ್ರೇಲ್ ಪ್ರಭುತ್ವಕ್ಕೆ ಅಂಟಿಸಿದಾಗ ಅದರ ನ್ಯಾಯಾನ್ಯಾಯ ಕೇಳುವುದೇ ದೈವದ್ರೋಹವಾಗಿಬಿಡುತ್ತದೆ.

ಹೀಗಾಗಿ ಈ ಪರಂಪರೆಯನ್ನು ಯೆಹೂದಿಗಳ ಮೇಲಿನ ಪ್ರೀತಿ, ದ್ವೇಷಗಳಿಂದ ಅಳೆದರೆ ಸಾಲದು. ಪರರ ಕಥೆಗೆ ಉಪಕರಣವಾಗದೆ ಅವರು ಇರಬಹುದೇ ಎಂಬುದು ಅಳತೆಗೋಲಾಗಬೇಕು. ತಾಲ್ಮೂದ್ ಓದುವ, ಕ್ರಿಸ್ತನ ಅಗತ್ಯವನ್ನೇ ಕಾಣದ ಯೆಹೂದಿಯ ಬದುಕು ದೇವರ ಮುಂದೆ ಪೂರ್ಣವೆಂದು ಒಪ್ಪುವ ಕ್ರೈಸ್ತ ದೇವಶಾಸ್ತ್ರ ಇನ್ನೂ ಅಲ್ಪಸಂಖ್ಯಾತರ ದನಿ. ಅದಕ್ಕೆ ಬೇಕಾದ ವಿನಯ ಪೌಲನ ಪತ್ರದಲ್ಲಿ ಮೊದಲಿಂದಲೂ ಇತ್ತು. ಅದನ್ನು ಬಿಟ್ಟುಕೊಟ್ಟದ್ದು ಓದಿದವರು.