ಮಗ್ಗದ ಮನೆಗೆ ಯಾವ ಪುಸ್ತಕ?

ವ್ಯಾಪಾರದ ಮೇಲಿನ ಗ್ರಂಥಗಳು ಬಹುತೇಕ ದೊಡ್ಡ ಕಾರಖಾನೆಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ರಬಕವಿ-ಬನಹಟ್ಟಿಯಲ್ಲಿ ನಾಲ್ಕು ವಿದ್ಯುತ್ ಮಗ್ಗ ನಡೆಸುವವನಿಗೆ, ಮುಧೋಳದ ಬೆಲ್ಲದ ಗಾಣದವನಿಗೆ, ಜಮಖಂಡಿ, ಬೀಳಗಿ ಪೇಟೆಯ ಅಂಗಡಿಕಾರನಿಗೆ ಅವುಗಳಿಂದೇನು ಪ್ರಯೋಜನ? ಈ ಪ್ರಶ್ನೆಯನ್ನಿಟ್ಟುಕೊಂಡು ನಾನು ಎರಡು ಇಂಗ್ಲಿಷ್ ಗ್ರಂಥಗಳನ್ನು ನೋಡಿದೆ.

ಮೈಕೇಲ್ ಗರ್ಬರ್ ಅವರ ‘ದಿ ಇ-ಮಿತ್’ (1986) ಹೇಳುವುದಿಷ್ಟು: ಕೆಲಸ ಬಲ್ಲವನಿಗೆ ಆ ಕೆಲಸದ ವ್ಯಾಪಾರವೂ ತಿಳಿದಿರುತ್ತದೆಂಬುದು ಭ್ರಮೆ. ಈ ಮಾತು ನಮ್ಮ ನೇಕಾರರಿಗೆ ನೇರವಾಗಿ ತಾಗುತ್ತದೆ. ಸೆರಗಿನಲ್ಲಿ ಒಂದೆಳೆ ತಪ್ಪಿದರೂ ಗುರುತಿಸುವವನು, ಆ ಸೀರೆಗೆ ತಗಲಿದ ನೂಲು, ಬಣ್ಣ, ವಿದ್ಯುತ್ತು, ಮನೆಯವರ ದುಡಿಮೆ ಇವುಗಳ ಲೆಕ್ಕ ಕೇಳಿದರೆ ತಡವರಿಸುತ್ತಾನೆ. ಆದರೆ ಕರ್ತೃವಿನ ಮದ್ದು ನನಗೆ ಒಪ್ಪಿಗೆಯಿಲ್ಲ. ಅವರ ಆದರ್ಶ ಮೆಕ್‌ಡೊನಾಲ್ಡ್ಸ್. ಯಾರು ನಡೆಸಿದರೂ ಒಂದೇ ತೆರನಾಗಿ ನಡೆಯುವ ಅಂಗಡಿ. ನೂಲನ್ನು ಉದ್ರಿ ತಂದು, ಸೀರೆಯನ್ನು ಉದ್ರಿ ಕೊಟ್ಟು, ನಡುವಿನ ತಿಂಗಳುಗಳನ್ನು ದಾಟಬೇಕಾದವನ ಸಂಕಟ ಬೇರೆ.

ಶಂತನುರಾವ್ ಕಿರ್ಲೋಸ್ಕರರ ಆತ್ಮಕಥೆ ‘ಕ್ಯಾಕ್ಟಸ್ ಅಂಡ್ ರೋಜಸ್’ ನಮಗೆ ಹತ್ತಿರದ್ದು. ಅವರ ತಂದೆ ಲಕ್ಷ್ಮಣರಾಯರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಕಬ್ಬಿಣದ ನೇಗಿಲು ಭೂಮಿಗೆ ವಿಷವೆಂದು ರೈತರು ನಂಬಿದ್ದರಿಂದ, ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು. ಜಾಗ ಬಿಡಬೇಕಾಗಿ ಬಂದು 1910ರಲ್ಲಿ ಔಂಧ ಸಂಸ್ಥಾನದ ಬರಡು ನೆಲಕ್ಕೆ ಹೋದರು. ಮಾರಾಟವೆಂದರೆ ಮಾತಿನ ಜಾಣ್ಮೆಯಲ್ಲ, ಗಿರಾಕಿ ನಂಬುವವರೆಗೆ ಉಳಿದುಕೊಳ್ಳುವ ತಾಳ್ಮೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. ಕಥೆ ದೊಡ್ಡ ಉದ್ಯಮಕ್ಕೆ ಹೊರಳಿದ ಮೇಲೆ ಮಾತ್ರ ಸಣ್ಣವನಿಗೆ ಅದರಲ್ಲಿ ಪಾಲು ಕಡಿಮೆ.

ಮೊದಲನೆಯದರ ಎಚ್ಚರ, ಎರಡನೆಯದರ ತಾಳ್ಮೆ ಎರಡೂ ಬೇಕು. ಆದರೆ ಕನ್ನಡದಲ್ಲಿ ಕೀರ್ದಿ ಬರೆಯುವ ಕೈಗೆ ನಿಲುಕುವಂತೆ, ಒಂದು ಸೀರೆಯ ಲೆಕ್ಕದಿಂದಲೇ ಮೊದಲಾಗುವ ಪುಸ್ತಕವನ್ನು ಬನಹಟ್ಟಿಯವರೇ ಯಾರಾದರೂ ಬರೆಯಬೇಕು.